ಮರಳಿ ಕರಗದ ಪದಾರ್ಥದ ಗಣಿತ

ಶಾಖಕ್ಕೆ ಮಣಿದು ರೂಪ ತಳೆಯುವ ಪದಾರ್ಥಗಳಲ್ಲಿ ಎರಡು ಕುಲಗಳುಂಟು. ಚನ್ನಪಟ್ಟಣದ ಬೊಂಬೆಯ ಕುಶಲಿಗಳು ತಿರುಗಣೆಯಲ್ಲಿ ಸುತ್ತುವ ಮರಕ್ಕೆ ಒತ್ತಿ ಹಿಡಿಯುವ ಬಣ್ಣದ ಅರಗು, ಘರ್ಷಣೆಯ ಬಿಸಿಗೆ ಮೆತ್ತಗಾಗಿ ಮರದ ಮೈಯನ್ನೆಲ್ಲ ವ್ಯಾಪಿಸಿ, ಆರಿದೊಡನೆ ಬಿಗಿದು ಹೊಳೆಯುವುದು; ಮತ್ತೊಮ್ಮೆ ಬಿಸಿ ಮುಟ್ಟಿದರೆ ಮತ್ತೊಮ್ಮೆ ಮಣಿಯುವುದು; ಆದುದರಿಂದ ತಪ್ಪಿದ ಕೆಲಸವನ್ನು ತಿದ್ದಿಕೊಳ್ಳುವ ಅವಕಾಶವನ್ನು ಅದು ಉದಾರವಾಗಿ ಕೊಡುತ್ತದೆ. ಎರಡನೆಯ ಕುಲದ ಪದಾರ್ಥಗಳಿಗೆ ಈ ಔದಾರ್ಯವಿಲ್ಲ. ಎಪಾಕ್ಸಿ, ಫಿನಾಲಿಕ್, ಪಾಲಿಯೆಸ್ಟರ್ ಮೊದಲಾದ ಥರ್ಮೋಸೆಟ್ಟಿಂಗ್ ರೆಸಿನ್ನುಗಳು ದ್ರವವಾಗಿ ಅಚ್ಚಿನೊಳಕ್ಕೆ ಹರಿದು, ಅಲ್ಲಿ ತಮ್ಮ ಅಣುಗಳನ್ನು ಒಂದಕ್ಕೊಂದು ರಾಸಾಯನಿಕ ಬಂಧಗಳಿಂದ ಹೆಣೆದುಕೊಂಡು, ಇಡೀ ವಸ್ತುವೇ ಒಂದು ಮಹಾಜಾಲವಾಗಿ ಪರಿಣಮಿಸಿದ ಮೇಲೆ, ಯಾವ ಶಾಖಕ್ಕೂ ಮತ್ತೆ ಕರಗುವುದಿಲ್ಲ. ಮಿತಿಮೀರಿ ಕಾಯಿಸಿದರೆ ಸೀದು ಕರಿಕಾಗುವುವೇ ಹೊರತು ಮೊದಲಿನ ದ್ರವವಾಗಿ ಹಿಂದಿರುಗವು. ಹೀಗೆ ಹಿಂದಿರುಗದ ಕ್ರಿಯೆಯೊಂದನ್ನು ಕೈಗೆ ತೆಗೆದುಕೊಳ್ಳುವವನು ಅದರ ಗತಿಯನ್ನು ಮುಂಚಿತವಾಗಿ ಅಳೆದು, ಲೆಕ್ಕಹಾಕಿ, ತಿಳಿದಿರಬೇಕೆಂಬುದೂ, ಡಬ್ಬಿಯ ಮೇಲೆ ಅಚ್ಚಾಗಿ ಬಂದ ವೇಳಾಪಟ್ಟಿಯೊಂದನ್ನೇ ನೆಚ್ಚಿ ಕೂರುವುದು ನಮ್ಮ ಕೈಗಾರಿಕೆಗೆ ಸಲ್ಲದೆಂಬುದೂ ಈ ಲೇಖನದ ಪ್ರತಿಪಾದನೆ.

ಇದು ಪ್ರಯೋಗಶಾಲೆಯ ನಾಲ್ಕು ಗೋಡೆಗಳ ನಡುವಣ ಚರ್ಚೆಯೆಂದು ಓದುಗರು ಭಾವಿಸಬೇಕಾಗಿಲ್ಲ. ಚಿತ್ರದುರ್ಗ, ಗದಗುಗಳ ಗುಡ್ಡಗಳ ಮೇಲೆ ತಿರುಗುವ ಗಾಳಿಯಂತ್ರಗಳ ರೆಕ್ಕೆಗಳು ಗಾಜಿನ ನಾರು ಮತ್ತು ರೆಸಿನ್ನುಗಳ ಸಂಯೋಗದಿಂದ ಆದವು. ಎರಕದ ಕಾರ್ಖಾನೆಗಳಲ್ಲಿ ಮರಳನ್ನು ಅಚ್ಚಾಗಿ ಹಿಡಿದು ನಿಲ್ಲಿಸುವುದು ಅನೇಕ ವೇಳೆ ಇಂಥದೇ ರೆಸಿನ್ನು. ಹಳೆಯ ಮನೆಗಳ ವಿದ್ಯುತ್ ಸ್ವಿಚ್ಚು, ಕೆಲವು ಟ್ರಾನ್ಸ್‌ಫಾರ್ಮರುಗಳ ಸುರುಳಿಯ ಕವಚ, ಮುರಿದ ಪಿಂಗಾಣಿಯನ್ನು ಕೂಡಿಸುವ ಎರಡು ಟ್ಯೂಬಿನ ಅಂಟು, ಎಲ್ಲವೂ ಈ ಕುಲಕ್ಕೆ ಸೇರಿದವು. 2001ರ ಜನವರಿ 4ರಂದು ಬೆಂಗಳೂರಿನ ಆಕಾಶಕ್ಕೆ ಮೊದಲ ಬಾರಿ ಏರಿದ ತೇಜಸ್ ಯುದ್ಧವಿಮಾನದ ಕವಚದ ತೂಕದಲ್ಲಿ ಶೇಕಡ ಸುಮಾರು 45 ಭಾಗ ಇಂಗಾಲದ ನಾರು ಮತ್ತು ರೆಸಿನ್ನುಗಳ ಸಂಯುಕ್ತವೇ ಆಗಿದೆ. ಪಿಎಸ್‌ಎಲ್‌ವಿ ರಾಕೆಟ್ಟಿನ ಮೊದಲ ಹಂತದಲ್ಲಿ ತುಂಬಿರುವ 130 ಟನ್ನಿಗೂ ಮಿಕ್ಕ ಘನ ಇಂಧನವನ್ನು ಬಂಧಿಸಿ ಹಿಡಿದಿರುವುದು ಸಹ ಹೀಗೆಯೇ ಅಣುಗಳನ್ನು ಹೆಣೆದುಕೊಂಡು ನಿಧಾನವಾಗಿ ಗಟ್ಟಿಯಾದ, ಅಂದರೆ ಕ್ಯೂರ್ ಆದ, ಒಂದು ರಬ್ಬರಿನಂಥ ಪಾಲಿಮರು. ಇಷ್ಟು ವ್ಯಾಪಕವಾಗಿ ನಮ್ಮ ಬದುಕನ್ನು ಹೊತ್ತಿರುವ ಪದಾರ್ಥಗಳು ತಮ್ಮ ಬಲವನ್ನು ಪಡೆಯುವ ಕೆಲವು ಗಂಟೆಗಳಲ್ಲಿ ಏನು ನಡೆಯುತ್ತದೆಂಬುದು ಸಾರ್ವಜನಿಕ ಆಸಕ್ತಿಗೆ ಅರ್ಹವಾದ ವಿಷಯವೇ ಸರಿ.

ಇತಿಹಾಸವೂ ಇದೇ ಮಾತನ್ನು ಸಮರ್ಥಿಸುತ್ತದೆ. ಫಿನಾಲ್ ಮತ್ತು ಫಾರ್ಮಾಲ್ಡಿಹೈಡುಗಳು ಕೂಡಿದರೆ ಅಂಟಾದ ಒಂದು ಗಟ್ಟಿ ದ್ರವ್ಯ ಹುಟ್ಟುವುದೆಂಬುದನ್ನು ಜರ್ಮನಿಯ ಅಡಾಲ್ಫ್ ಫಾನ್ ಬೇಯರ್ 1872ರಲ್ಲಿಯೇ ಕಂಡಿದ್ದನು; ಆದರೆ ಪಾತ್ರೆಗೆ ಅಂಟಿಕೊಂಡು ಯಾವ ದ್ರಾವಕಕ್ಕೂ ಬಗ್ಗದ ಆ ದ್ರವ್ಯ ರಸಾಯನಜ್ಞರಿಗೆ ಬಹುಕಾಲ ಉಪದ್ರವವಾಗಿಯೇ ಉಳಿಯಿತು. ಬೆಲ್ಜಿಯಮ್ಮಿನಿಂದ ಅಮೆರಿಕೆಗೆ ಹೋಗಿ ನೆಲೆಸಿದ ಲಿಯೋ ಬೇಕ್‌ಲೆಂಡ್ ಅದೇ ಕ್ರಿಯೆಯನ್ನು ಮತ್ತೆ ಕೈಗೆತ್ತಿಕೊಂಡನು. ವಿದ್ಯುತ್ ಕೈಗಾರಿಕೆ ಬೆಳೆದಂತೆ ನಿರೋಧಕವಾಗಿ ಬೇಕಾಗುತ್ತಿದ್ದ ಅರಗು ಮುಖ್ಯವಾಗಿ ಭಾರತದಿಂದಲೇ ಹೋಗಬೇಕಾಗಿದ್ದುದರಿಂದ, ಅದಕ್ಕೆ ಬದಲಿಯೊಂದನ್ನು ಹುಡುಕುವುದು ಆತನ ಉದ್ದೇಶವಾಗಿತ್ತು. ಆತನು ಕಂಡದ್ದು ಹೊಸ ಪದಾರ್ಥವನ್ನಲ್ಲ, ಹಳೆಯ ಪದಾರ್ಥದ ಮೆಟ್ಟಿಲುಗಳನ್ನು: ಮೊದಲು ಕರಗುವ ದ್ರವ, ಆಮೇಲೆ ಬಿಸಿಗೆ ಮೆತ್ತಗಾದರೂ ಪೂರ್ತಿ ಕರಗದ ನಡುಘಟ್ಟ, ಕಡೆಗೆ ಯಾವುದಕ್ಕೂ ಮಣಿಯದ ಘನ. ಕ್ರಿಯೆಯನ್ನು ನಡುವೆ ತಡೆದು ನಿಲ್ಲಿಸಬಹುದೆಂಬುದನ್ನೂ, ಬೇಕಾದಾಗ ಅಚ್ಚಿನಲ್ಲಿಟ್ಟು ಒತ್ತಡ ಮತ್ತು ಶಾಖಗಳಿಂದ ಅದನ್ನು ಪೂರ್ಣಗೊಳಿಸಬಹುದೆಂಬುದನ್ನೂ ಅರಿತು, ಆತನು 1907ರಲ್ಲಿ ಪೇಟೆಂಟಿಗೆ ಅರ್ಜಿ ಸಲ್ಲಿಸಿದನು. 1909ರಲ್ಲಿ ಬೇಕಲೈಟ್ ಲೋಕಕ್ಕೆ ಪ್ರಕಟವಾಯಿತು. ಮೂವತ್ತೈದು ವರ್ಷ ಉಪದ್ರವವೆನಿಸಿದ್ದ ವಸ್ತುವನ್ನು ಒಂದು ಯುಗದ ವಸ್ತುವಾಗಿ ಮಾರ್ಪಡಿಸಿದುದು, ಆ ಕ್ರಿಯೆಯ ಕಾಲದ ಮೇಲೆ ದೊರೆತ ಪ್ರಭುತ್ವವೇ.

ಆ ಪ್ರಭುತ್ವದ ಗಣಿತರೂಪವೇ ಕ್ಯೂರಿಂಗಿನ ವೇಗವನ್ನು ವಿವರಿಸುವ ಇಂದಿನ ಚಲನಶಾಸ್ತ್ರ. ಇದರ ತಳಹದಿಯಲ್ಲಿರುವ ನಿಯಮ ನಮ್ಮ ದ್ವಿತೀಯ ಪಿಯುಸಿಯ ವಿದ್ಯಾರ್ಥಿಗಳಿಗೂ ಪರಿಚಿತವಾದುದು. ಸ್ವೀಡನ್ನಿನ ಸ್ವಾಂಟೆ ಅರ್ಹೇನಿಯಸ್ 1889ರಲ್ಲಿ ತೋರಿಸಿಕೊಟ್ಟಂತೆ, ತಾಪ ಏರಿದಂತೆ ಕ್ರಿಯೆಯ ವೇಗ ಸಮಸಮವಾಗಿ ಏರದೆ ಘಾತೀಯವಾಗಿ ಏರುತ್ತದೆ. ಅಮೀನು ಎಂಬ ಹಾರ್ಡ್ನರಿನೊಡನೆ (ಗಟ್ಟಿಗೊಳಿಸುವ ದ್ರವ್ಯದೊಡನೆ) ಕೂಡುವ ಸಾಮಾನ್ಯ ಎಪಾಕ್ಸಿಯ ಸಕ್ರಿಯಣ ಶಕ್ತಿಯನ್ನು, ಅಂದರೆ ಕ್ರಿಯೆ ನಡೆಯಲು ದಾಟಬೇಕಾದ ಶಕ್ತಿಯ ತಡೆಯನ್ನು, ಮೋಲಿಗೆ 55 ಕಿಲೋಜೂಲ್ ಎಂದು ಇಟ್ಟುಕೊಂಡರೆ, 25 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ನಡೆಯುವ ಕ್ರಿಯೆ 40 ಡಿಗ್ರಿಯಲ್ಲಿ ಸುಮಾರು ಮೂರು ಪಟ್ಟು ವೇಗವಾಗಿ ನಡೆಯುವುದು. ತಂಪಾದ ಊರಿನಲ್ಲಿ ಒಂದು ಗಂಟೆ ಕಲಸಿ, ಸುರಿದು, ಸವರಲು ಅವಕಾಶ ಕೊಡುವ ಮಿಶ್ರಣ, ರಾಯಚೂರಿನ ಬೇಸಗೆಯ ಮಧ್ಯಾಹ್ನದಲ್ಲಿ ಇಪ್ಪತ್ತು ನಿಮಿಷಕ್ಕೇ ಕೈಮೀರುವುದು. ಡಬ್ಬಿಯ ಮೇಲಿನ ಅಂಕಿ ಸುಳ್ಳಲ್ಲ. ಆದರೆ ಅದು ಯಾರೋ ಎಲ್ಲಿಯೋ ಯಾವುದೋ ತಾಪದಲ್ಲಿ ಅಳೆದ ಸತ್ಯ. ಒಂದು ಪ್ರದೇಶದ ಸತ್ಯವನ್ನು ಇನ್ನೊಂದು ಪ್ರದೇಶಕ್ಕೆ ಸಾಗಿಸಲು ಬೇಕಾದ ವಾಹನವೇ ಸಮೀಕರಣ.

ಆದರೆ ಅರ್ಹೇನಿಯಸ್ಸನ ನಿಯಮವೊಂದೇ ಇಲ್ಲಿ ಸಾಲದು. ಅನೇಕ ರಾಸಾಯನಿಕ ಕ್ರಿಯೆಗಳು ಆರಂಭದಲ್ಲಿ ಚುರುಕಾಗಿದ್ದು, ಮೂಲದ್ರವ್ಯ ಮುಗಿಯುತ್ತ ಬಂದಂತೆ ಮಂದವಾಗುವುವು. ಎಪಾಕ್ಸಿಯು ಅಮೀನಿನೊಡನೆ ಕೂಡುವ ಕ್ರಿಯೆಯಾದರೋ ಮೊದಲು ಮೆಲ್ಲನೆ ಹೊರಟು, ನಡುವೆ ವೇಗದ ಶಿಖರವನ್ನೇರಿ, ಆಮೇಲೆ ಇಳಿಯುತ್ತದೆ. ಏಕೆಂದರೆ ಆ ಕ್ರಿಯೆಯಲ್ಲಿ ಹುಟ್ಟುವ ಹೈಡ್ರಾಕ್ಸಿಲ್ ಗುಂಪುಗಳೇ ಮುಂದಿನ ಕ್ರಿಯೆಗೆ ಉತ್ತೇಜನ ನೀಡುತ್ತವೆ; ತಾನೇ ಹುಟ್ಟಿಸಿದುದು ತನ್ನನ್ನೇ ಮುಂದೂಡುವ ಈ ಗುಣಕ್ಕೆ ಸ್ವಯಂ ಕ್ರಿಯಾವರ್ಧನೆ ಎಂದು ಹೆಸರು. ಕೆನಡಾದ ಮಾಂಟ್ರಿಯಲ್ ನಗರದ ಮೆಗಿಲ್ ವಿಶ್ವವಿದ್ಯಾಲಯದ ಮೂಸಾ ಕಮಾಲ್ ಮತ್ತು ಅವರ ಸಹೋದ್ಯೋಗಿ ಸುರೂರ್ ಅವರು 1973ರಲ್ಲಿ ಪ್ರಕಟಿಸಿದ ಸಮೀಕರಣ ಈ ಸ್ವಭಾವವನ್ನು ಸುಂದರವಾಗಿ ಹಿಡಿದಿಟ್ಟಿತು. ಅದರಲ್ಲಿ ವೇಗಕ್ಕೆ ಎರಡು ಮೂಲಗಳು: ಒಂದು, ಆರಂಭದಿಂದಲೂ ಇರುವ ಸಹಜ ವೇಗ, ಇನ್ನೊಂದು, ಈಗಾಗಲೇ ಕ್ಯೂರ್ ಆದ ಅಂಶ ಹೆಚ್ಚಿದಂತೆ ಹೆಚ್ಚುವ ವೇಗ, ಇವೆರಡರ ಮೊತ್ತವನ್ನು ಇನ್ನೂ ಉಳಿದಿರುವ ಅಂಶ ನಿಯಂತ್ರಿಸುತ್ತದೆ. ಐವತ್ತು ವರ್ಷಗಳಾಚೆಗೂ ಇಂಜಿನಿಯರುಗಳು ಮೊದಲು ಪರೀಕ್ಷಿಸಿ ನೋಡುವ ಸಮೀಕರಣಗಳಲ್ಲಿ ಇದೂ ಒಂದೆಂಬುದು ಅದರ ಯೋಗ್ಯತೆಗೆ ಸಾಕ್ಷಿ.

ಈ ಸಮೀಕರಣಕ್ಕೆ ಬೇಕಾದ ಅಂಕಿಗಳನ್ನು ಒದಗಿಸುವ ಉಪಕರಣದ ಹೆಸರು ಡಿಫರೆನ್ಷಿಯಲ್ ಸ್ಕ್ಯಾನಿಂಗ್ ಕೆಲೊರಿಮೀಟರ್. ಕೆಲಸ ಬಲ್ಲವರು ಡಿಎಸ್‌ಸಿ ಎಂದೇ ಕರೆಯುತ್ತಾರೆ. ಐದು ಹತ್ತು ಮಿಲಿಗ್ರಾಮಿನಷ್ಟು ರೆಸಿನ್ನನ್ನು ಪುಟ್ಟ ಅಲ್ಯುಮಿನಿಯಮ್ ಬಟ್ಟಲಲ್ಲಿಟ್ಟು, ಅದನ್ನು ನಿಯತವಾಗಿ ಕಾಯಿಸುತ್ತ, ಅದು ಹೊರಸೂಸುವ ಉಷ್ಣವನ್ನು ಕ್ಷಣಕ್ಷಣಕ್ಕೂ ಅಳೆಯುವುದು ಅದರ ಕೆಲಸ. ಕ್ಯೂರಿಂಗ್ ಬಹಿರುಷ್ಣಕ ಕ್ರಿಯೆಯಾದುದರಿಂದ, ಒಟ್ಟು ಬರಬೇಕಾದ ಉಷ್ಣದಲ್ಲಿ ಎಷ್ಟು ಭಾಗ ಈವರೆಗೆ ಬಂದಿದೆ ಎಂಬುದೇ ಕ್ಯೂರ್ ಎಷ್ಟು ಮುಂದುವರಿದಿದೆ ಎಂಬುದರ ಅಳತೆ. ಕಣ್ಣಿಗೆ ಕಾಣದ, ಕೈಗೆ ಸಿಗದ ಅಣುಬಂಧಗಳ ಸಂಖ್ಯೆಯನ್ನು ಅವು ಬಿಟ್ಟುಕೊಡುವ ಶಾಖದಿಂದ ಎಣಿಸುವ ಈ ಉಪಾಯದಲ್ಲಿ ಬುದ್ಧಿಯ ಘನತೆ ಎಷ್ಟಿದೆಯೋ ವಿನಯವೂ ಅಷ್ಟೇ ಇದೆ.

ಮಿಲಿಗ್ರಾಮಿನಲ್ಲಿ ಅಳೆದುದು ಕಿಲೋಗ್ರಾಮಿನಲ್ಲಿ ಏನಾಗುವುದೆಂಬುದೇ ನಿಜವಾದ ಪರೀಕ್ಷೆ. ಎಪಾಕ್ಸಿ ಒಂದು ಗ್ರಾಮಿಗೆ ಸುಮಾರು 400 ಜೂಲಿನಷ್ಟು ಉಷ್ಣವನ್ನು ಬಿಡುವುದೆಂದೂ, ಅದರ ತಾಪವನ್ನು ಒಂದು ಡಿಗ್ರಿ ಏರಿಸಲು ಸುಮಾರು 2 ಜೂಲು ಬೇಕೆಂದೂ ಇಟ್ಟುಕೊಂಡರೆ, ಆ ಉಷ್ಣ ಎಲ್ಲಿಗೂ ಹೋಗದೆ ಒಳಗೇ ಉಳಿದಲ್ಲಿ ತಾಪ 200 ಡಿಗ್ರಿಯಷ್ಟು ಏರಬೇಕು. ತೆಳುವಾದ ಹಾಳೆಯಲ್ಲಿ ಹೀಗಾಗದು; ಉಷ್ಣ ಅಕ್ಕಪಕ್ಕಕ್ಕೆ ಜಾರಿಹೋಗುವುದು. ಆದರೆ ರೆಸಿನ್ನು ಉಷ್ಣದ ದುರ್ಬಲ ವಾಹಕ. ದಪ್ಪ ಎರಡು ಪಟ್ಟಾದರೆ ಉಷ್ಣ ಹೊರಬರಲು ಹಿಡಿಯುವ ಕಾಲ ನಾಲ್ಕು ಪಟ್ಟಾಗುವುದು. ಒಳಗೆ ಸಿಕ್ಕಿಕೊಂಡ ಉಷ್ಣ ತಾಪವನ್ನೇರಿಸುತ್ತದೆ. ಏರಿದ ತಾಪ ಕ್ರಿಯೆಯ ವೇಗವನ್ನು ಹೆಚ್ಚಿಸುತ್ತದೆ. ಹೆಚ್ಚಿದ ವೇಗ ಇನ್ನಷ್ಟು ಉಷ್ಣವನ್ನು ಹುಟ್ಟಿಸುತ್ತದೆ. ಗಾಳಿಯಂತ್ರದ ರೆಕ್ಕೆಯ ಬುಡದಂಥ ದಪ್ಪ ಭಾಗಗಳಲ್ಲಿ ಈ ಚಕ್ರ ಹಿಡಿತ ತಪ್ಪಿದರೆ ನಡುಭಾಗ ಕಂದಿ, ಬಿರಿದು, ಹೊರಗಿನಿಂದ ನೋಡುವವನಿಗೆ ಯಾವ ಸುಳಿವನ್ನೂ ಕೊಡದೆ ದೋಷವನ್ನು ಗರ್ಭದಲ್ಲಿ ಹೊತ್ತು ನಿಲ್ಲುವುದು. ಚಲನಶಾಸ್ತ್ರದ ಸಮೀಕರಣವನ್ನು ಉಷ್ಣಪ್ರಸರಣದ ಸಮೀಕರಣದೊಡನೆ ಕೂಡಿಸಿ ಬಿಡಿಸಿದರೆ ಮಾತ್ರ ಯಾವ ಗಳಿಗೆಯಲ್ಲಿ ನಡುಭಾಗ ಎಷ್ಟು ಬಿಸಿಯಾಗುವುದೆಂದು ಮೊದಲೇ ಹೇಳಬಹುದು. ಕಾಯಿಸುವ ಕ್ರಮದಲ್ಲಿ ಎಲ್ಲಿ ತಡೆದು ನಿಲ್ಲಬೇಕೆಂದು ನಿರ್ಣಯಿಸಬಹುದು.

ಇನ್ನೆರಡು ಘಟ್ಟಗಳನ್ನು ಹೇಳದೆ ಮುಂದುವರಿಯುವುದು ಉಚಿತವಲ್ಲ. ಮೊದಲನೆಯದು ಜೆಲ್ ಆಗುವ ಗಳಿಗೆ. ಅಲ್ಲಿಯವರೆಗೆ ಹರಿಯುತ್ತಿದ್ದ ದ್ರವದಲ್ಲಿ ಅಣುಜಾಲ ಈ ತುದಿಯಿಂದ ಆ ತುದಿಯವರೆಗೆ ಅವಿಚ್ಛಿನ್ನವಾಗಿ, ಹರಿವು ನಿಂತುಹೋಗುವ ಕ್ಷಣ. ಅಮೆರಿಕದ ಪಾಲ್ ಫ್ಲೋರಿ 1941ರಲ್ಲಿ ರೂಪಿಸಿದ ಸಿದ್ಧಾಂತದ ಪ್ರಕಾರ, ನಾಲ್ಕು ಕಡೆ ಬಂಧ ಬೆಸೆಯಬಲ್ಲ ಅಮೀನು ಎರಡು ಕಡೆ ಬೆಸೆಯಬಲ್ಲ ಎಪಾಕ್ಸಿಯೊಡನೆ ಸರಿಪ್ರಮಾಣದಲ್ಲಿ ಕೂಡಿದಾಗ, ಶೇಕಡ 58ರಷ್ಟು ಕ್ರಿಯೆ ಮುಗಿದಲ್ಲಿ ಜೆಲ್ ಹುಟ್ಟುವುದು. ಗಾಳಿಗುಳ್ಳೆಗಳನ್ನು ಹೊರಹಾಕಬೇಕಾದರೂ, ನಾರಿನ ಸಂದುಸಂದುಗಳಿಗೆ ರೆಸಿನ್ನನ್ನು ಹಾಯಿಸಬೇಕಾದರೂ ಅದಕ್ಕೆ ಮೊದಲೇ ಆಗಬೇಕು. ಎರಡನೆಯದು ಗಾಜಾಗುವ ಘಟ್ಟ: ಕ್ಯೂರ್ ಮುಂದುವರಿದಂತೆ ಪದಾರ್ಥದ ಗಾಜುಸ್ಥಿತಿಯ ತಾಪವೂ (ಯಾವ ತಾಪಕ್ಕಿಂತ ಕೆಳಗೆ ಅದು ಗಾಜಿನಂತೆ ಬಿಗಿಯುವುದೋ ಆ ತಾಪವೂ) ಏರುತ್ತ ಬಂದು, ನಾವು ಕಾಯಿಸುತ್ತಿರುವ ತಾಪವನ್ನು ಮುಟ್ಟಿದೊಡನೆ ಅಣುಗಳ ಚಲನೆ ಸ್ತಬ್ಧವಾಗುವುದು, ಕ್ರಿಯೆ ಮುಗಿಯದಿದ್ದರೂ ನಿಂತಂತಾಗುವುದು. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಜಾನ್ ಗಿಲ್‌ಹ್ಯಾಮ್ ಕಾಲ ಮತ್ತು ತಾಪಗಳ ನಕ್ಷೆಯಲ್ಲಿ ಈ ಘಟ್ಟಗಳನ್ನೆಲ್ಲ ರೇಖೆಗಳಾಗಿ ಬಿಡಿಸಿ ತೋರಿಸಿದುದು ಈ ಶಾಸ್ತ್ರಕ್ಕೆ ಸಂದ ದೊಡ್ಡ ಉಪಕಾರ. ಕೋಣೆಯ ತಾಪದಲ್ಲಿ ಗಟ್ಟಿಯಾದ ಎಪಾಕ್ಸಿ ಕೈಗೆ ಕಲ್ಲಿನಂತೆ ತೋರಿದರೂ, 50 ಅಥವಾ 60 ಡಿಗ್ರಿ ಮುಟ್ಟುತ್ತಲೇ ಮೆತ್ತಗಾಗುವ ಸಂಭವವುಂಟು. ನಮ್ಮ ಬೇಸಗೆಯ ಬಿಸಿಲಿಗೆ ಒಡ್ಡಿದ ಕಪ್ಪು ಮೇಲ್ಮೈ ಆ ತಾಪವನ್ನು ಸುಲಭವಾಗಿ ಮುಟ್ಟುತ್ತದೆ. ಗಟ್ಟಿಯಾದುದೆಲ್ಲ ಪಕ್ವವಲ್ಲವೆಂಬ ಈ ತಿಳಿವಳಿಕೆಯಿಲ್ಲದೆ, ಕ್ಯೂರ್ ಆದ ಮೇಲೆ ಮತ್ತೊಮ್ಮೆ ಹದವಾಗಿ ಕಾಯಿಸುವ ಖರ್ಚನ್ನು ಉಳಿಸಿದೆವೆಂದು ಸಂತೋಷಪಡುವುದು ಅಪಾಯವನ್ನು ಮುಂದಕ್ಕೆ ದೂಡುವುದಷ್ಟೆ.

ಇಷ್ಟೆಲ್ಲವನ್ನೂ ಲೆಕ್ಕಹಾಕುವ ಅವಶ್ಯಕತೆಯೇನು, ಅನುಭವಸ್ಥನ ಕೈಗೆ ಹದ ತಿಳಿಯದೇ ಎಂದು ಕೇಳುವವರಿದ್ದಾರೆ. ಇದು ತಿರಸ್ಕರಿಸತಕ್ಕ ಮಾತಲ್ಲ. ಮಂಡ್ಯದ ಆಲೆಮನೆಯಲ್ಲಿ ಕೊಪ್ಪರಿಗೆಯ ಮುಂದೆ ನಿಂತವನು ಪಾಕ ಬಂದ ಕ್ಷಣವನ್ನು ಯಾವ ಉಪಕರಣದ ನೆರವಿಲ್ಲದೆ ಗುರುತಿಸುವಂತೆಯೇ, ಕೈಯಿಂದ ರೆಸಿನ್ನು ಕಲಸುವ ಕೆಲಸಗಾರನೂ ಅದರ ಬಿಸಿ, ಜಿಗುಟು, ಎಳೆಗಳನ್ನು ನೋಡಿ ಬಹಳಷ್ಟನ್ನು ಬಲ್ಲ. ಆದರೆ ಆಲೆಮನೆಯವನಿಗೆ ಪಾಕ ಕಣ್ಣೆದುರಿಗಿದೆ. ಮುಚ್ಚಿದ ಅಚ್ಚಿನೊಳಗಿನ ರೆಸಿನ್ನು ಯಾರ ಕಣ್ಣಿಗೂ ಬೀಳದು. ಅದಲ್ಲದೆ ಅನುಭವವೆಂಬುದು ತಾನು ನಡೆದ ದಾರಿಯಲ್ಲಿ ಸಾಟಿಯಿಲ್ಲದ ಬೆಳಕು. ದಪ್ಪ ಬದಲಾದಾಗ, ಹಾರ್ಡ್ನರು ಬದಲಾದಾಗ, ಋತು ಬದಲಾದಾಗ, ಅದುವರೆಗೆ ಕಾಣದ ಪ್ರದೇಶಕ್ಕೆ ಕಾಲಿಟ್ಟಾಗ, ಅದರ ಬೆಳಕು ಮುಂದೆ ಚಾಚುವುದಿಲ್ಲ. ಅನುಭವ ಮತ್ತು ಗಣಿತಗಳನ್ನು ಎದುರಾಳಿಗಳೆಂದು ಎಣಿಸುವುದು ತಪ್ಪು. ಅನುಭವಿಯ ಸಂದೇಹಗಳನ್ನು ಅಳತೆಗೆ ತಂದು, ಅವನ ಕೈಯ ತಿಳಿವನ್ನು ಇನ್ನೊಬ್ಬರಿಗೂ ತಲುಪಿಸಬಲ್ಲ ರೂಪದಲ್ಲಿ ಬರೆದಿಡುವುದೇ ಗಣಿತದ ಪಾತ್ರ.

ಆದರೆ ಗಣಿತದ ಹೆಸರಿನಲ್ಲಿ ಬರುವುದನ್ನೆಲ್ಲ ನಂಬತಕ್ಕದ್ದೂ ಅಲ್ಲ. ಈ ಶಾಸ್ತ್ರದ ಒಳಗೇ ಒಂದು ಪ್ರಲೋಭನೆಯಿದೆ. ಸಮೀಕರಣದಲ್ಲಿ ಹೊಂದಿಸಬಹುದಾದ ಸಂಖ್ಯೆಗಳು ಹೆಚ್ಚಾದಷ್ಟೂ ಅಳೆದ ಬಿಂದುಗಳ ಮೇಲೆ ರೇಖೆ ಅಂದವಾಗಿ ಕೂರುತ್ತದೆ. ಅಂದವಾಗಿ ಕೂತ ರೇಖೆ ಸತ್ಯವನ್ನೇ ಹೇಳುತ್ತಿದೆಯೆಂಬ ಭ್ರಮೆ ಹುಟ್ಟುತ್ತದೆ. ಒಂದೇ ವೇಗದಲ್ಲಿ ಕಾಯಿಸಿ ಪಡೆದ ಒಂದೇ ರೇಖೆಗೆ ಬೇರೆಬೇರೆ ಸಕ್ರಿಯಣ ಶಕ್ತಿಗಳು ಸಮಾನವಾಗಿ ಹೊಂದಿಕೊಳ್ಳಬಲ್ಲವೆಂಬುದು ತಜ್ಞರಿಗೆ ತಿಳಿದ ವಿಷಯವೇ. ಉಷ್ಣವಿಶ್ಲೇಷಣೆಯ ಅಂತರರಾಷ್ಟ್ರೀಯ ಒಕ್ಕೂಟ 2011ರಲ್ಲಿ ಪ್ರಕಟಿಸಿದ ಶಿಫಾರಸುಗಳು ಒಂದೇ ತಾಪಕ್ರಮವನ್ನು ನೆಚ್ಚದೆ ಹಲವು ತಾಪಕ್ರಮಗಳಲ್ಲಿ ಅಳೆದು ನಿರ್ಣಯಿಸಬೇಕೆಂದು ಒತ್ತಿ ಹೇಳಿದುದು ಈ ಕಾರಣಕ್ಕಾಗಿಯೇ. ಮಾದರಿಯ ಯೋಗ್ಯತೆಯನ್ನು ತಿಳಿಯುವ ದಾರಿ ಒಂದೇ: ಅದನ್ನು ಕಟ್ಟುವಾಗ ಬಳಸದ ಒಂದು ಪ್ರಯೋಗದ ಫಲವನ್ನು ಅದು ಮುಂಚಿತವಾಗಿ ಹೇಳಬೇಕು, ದಪ್ಪವಾದ ಒಂದು ತುಂಡನ್ನು ನಿಜವಾಗಿ ಎರೆದು, ಅದರ ನಡುವೆ ಥರ್ಮೋಕಪಲ್ ಎಂಬ ತಾಪಮಾಪಕವನ್ನಿಟ್ಟು, ಲೆಕ್ಕದ ತಾಪವನ್ನೂ ಅಳತೆಯ ತಾಪವನ್ನೂ ಎದುರುಬದುರಾಗಿ ಇಟ್ಟು ನೋಡಬೇಕು. ಈ ಪರೀಕ್ಷೆಗೆ ನಿಲ್ಲದ ಮಾದರಿ ಎಷ್ಟು ಜಟಿಲವಾಗಿದ್ದರೂ ಪ್ರಬಂಧದ ಅಲಂಕಾರವಾದೀತು, ಕಾರ್ಖಾನೆಗೆ ಆಧಾರವಾಗದು.

ಈ ಬಗೆಯ ಶಿಸ್ತು ನಮ್ಮ ನೆಲಕ್ಕೆ ಅಪರಿಚಿತವಾದುದಲ್ಲ. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯವು ತೇಜಸ್ಸಿಗಾಗಿ ಸಂಯುಕ್ತ ಭಾಗಗಳನ್ನು ರೂಪಿಸಿ, ಅವನ್ನು ಬೇಯಿಸುವ ಆಟೋಕ್ಲೇವುಗಳನ್ನೂ ಸ್ವದೇಶದಲ್ಲಿಯೇ ನಿರ್ಮಿಸಿತು. ವಿಮಾನದ ಭಾಗಗಳಿಗೆ ಬಳಸುವ, ರೆಸಿನ್ನನ್ನು ಮೊದಲೇ ಹೀರಿಸಿದ ನಾರಿನ ಹಾಳೆಯನ್ನು ಶೂನ್ಯಕ್ಕಿಂತ 18 ಡಿಗ್ರಿ ಕೆಳಗಿನ ಶೀತಾಗಾರದಲ್ಲಿಡುವುದೂ, ಹೊರಗೆ ತೆಗೆದ ಗಂಟೆಗಳನ್ನು ಒಂದೊಂದಾಗಿ ದಾಖಲಿಸುವುದೂ, ಆಮೇಲೆ ಒತ್ತಡದಲ್ಲಿ ಸುಮಾರು 180 ಡಿಗ್ರಿಯವರೆಗೆ ನಿಯಮಿತವಾಗಿ ಕಾಯಿಸುವುದೂ, ಎಲ್ಲವೂ ಚಲನಶಾಸ್ತ್ರದ ಆಚರಣೆಯೇ. ರಾಕೆಟ್ಟಿನ ಘನ ಇಂಧನದ ತಯಾರಿಕೆಯಲ್ಲಿಯೂ, ಮಿಶ್ರಣ ಮುಗಿದ ಮೇಲೆ ಅದು ಸುರಿಯಲಾಗದಷ್ಟು ಗಟ್ಟಿಯಾಗುವುದಕ್ಕೆ ಮುಂಚೆ ಎಷ್ಟು ಕಾಲವಿದೆಯೆಂಬುದನ್ನು ಅರಿಯದೆ ಒಂದು ಹೆಜ್ಜೆಯನ್ನೂ ಇಡುವಂತಿಲ್ಲ. ಹೀಗಿರುವಾಗ ಅದೇ ಬೆಂಗಳೂರಿನ ಪೀಣ್ಯದಲ್ಲಿ ಫೈಬರ್‌ಗ್ಲಾಸಿನ ಕೆಲಸ ಮಾಡುವ ಸಣ್ಣ ಉದ್ಯಮಿಗೆ ಈ ವಿದ್ಯೆಯ ಒಂದು ಅಂಶವಾದರೂ ತಲುಪಬಾರದೇಕೆ? ದೇಶದ ವಿದ್ಯೆ ಆಕಾಶಕ್ಕೆ ಏರಿದುದು ಸಂತೋಷದ ಸಂಗತಿ. ಅದು ಬೀದಿಗೂ ಇಳಿಯಬೇಕಾದುದು ನ್ಯಾಯ.

ಆಗಬೇಕಾದುದು ಅಸಾಧ್ಯವೇನಲ್ಲ. ಒಂದು ಡಿಎಸ್‌ಸಿ ಯಂತ್ರವನ್ನು ಕೊಳ್ಳುವುದು ಸಣ್ಣ ಉದ್ಯಮಿಯ ಶಕ್ತಿಗೆ ಮೀರಿದುದಾದರೂ, ಮೈಸೂರಿನ ಸಿಪೆಟ್‌ನಂಥ ಪ್ಲಾಸ್ಟಿಕ್ ತಂತ್ರಜ್ಞಾನದ ಸಂಸ್ಥೆಗಳೂ ವಿಶ್ವವಿದ್ಯಾಲಯಗಳ ಪ್ರಯೋಗಾಲಯಗಳೂ ಸುಲಭ ಶುಲ್ಕಕ್ಕೆ ರೆಸಿನ್ನನ್ನು ಅಳೆದು, ಆ ಊರಿನ ಹವೆಗೂ ಆ ವಸ್ತುವಿನ ದಪ್ಪಕ್ಕೂ ಹೊಂದುವ ಕಾಯಿಸುವ ಕ್ರಮವನ್ನು ಬರೆದುಕೊಡುವ ವ್ಯವಸ್ಥೆಯನ್ನು ಸರ್ಕಾರ ಏರ್ಪಡಿಸಬಹುದು. ಸಾರ್ವಜನಿಕ ಹಣದಿಂದ ನಡೆಯುವ ಸಂಶೋಧನೆಯಲ್ಲಿ ಅಳೆದ ಮೂಲ ಅಂಕಿಗಳು ಪ್ರಬಂಧದ ಜೊತೆಗೆ ಎಲ್ಲರಿಗೂ ದೊರೆಯಬೇಕು. ರೇಖೆಯ ಅಂದದ ಬದಲು ಮುನ್ಸೂಚನೆಯ ಸತ್ಯವೇ ಪದವಿಗೆ ಅರ್ಹತೆಯಾಗಬೇಕು. ಪಾಲಿಟೆಕ್ನಿಕ್ಕುಗಳಲ್ಲಿ ಅರ್ಹೇನಿಯಸ್ಸನ ಸಮೀಕರಣವನ್ನು ಕಪ್ಪುಹಲಗೆಯ ಮೇಲೆ ಬರೆದು ಬಿಡುವುದಕ್ಕಿಂತ, ಒಂದು ಲೋಟ ಎಪಾಕ್ಸಿಯನ್ನೂ ಒಂದು ತೆಳುವಾದ ಹಾಳೆಯನ್ನೂ ಒಟ್ಟಿಗೆ ಎರೆಸಿ, ಎರಡರ ತಾಪವನ್ನೂ ನಿಮಿಷ ನಿಮಿಷಕ್ಕೆ ಬರೆಯಿಸಿ, ವ್ಯತ್ಯಾಸದ ಕಾರಣವನ್ನು ವಿದ್ಯಾರ್ಥಿಯ ಬಾಯಿಂದಲೇ ಹೇಳಿಸುವುದು ಮೇಲು. ದಪ್ಪ ಎರಕದ ಒಳಗೆ ಥರ್ಮೋಕಪಲ್ ಇಡುವ ಅಭ್ಯಾಸಕ್ಕಂತೂ ಯಾವ ದೊಡ್ಡ ಖರ್ಚೂ ಇಲ್ಲ. ಬೇಕಾದುದು ಅಳೆಯಬೇಕೆಂಬ ಮನಸ್ಸು. ಈ ವಿಷಯವನ್ನು ಕೆಲಸಗಾರನಿಗೆ ತಿಳಿಯುವ ಕನ್ನಡದಲ್ಲಿ ಬರೆದ ಕೈಪಿಡಿಗಳೂ ಬೇಕು. ಅಪಾಯದ ಹತ್ತಿರ ನಿಂತವನಿಗೆ ಅರ್ಥವಾಗದ ಭಾಷೆಯಲ್ಲಿ ಬರೆದ ಎಚ್ಚರಿಕೆ ಎಚ್ಚರಿಕೆಯೇ ಅಲ್ಲ.

ಇದಕ್ಕೆಲ್ಲ ಕಾಲ ಹಿಡಿಯುವುದು, ಹಣವೂ ಬೇಕಾಗುವುದು ಎಂಬುದು ನಿಜ. ಆದರೆ ರೆಸಿನ್ನಿನ ವಸ್ತುವಿನಲ್ಲಿ ಆದ ದೋಷಕ್ಕೆ ಪರಿಹಾರವೇನೆಂಬುದನ್ನು ಯೋಚಿಸಿದರೆ ಆ ವೆಚ್ಚ ಅಲ್ಪವೆಂದು ತೋರುವುದು. ಲೋಹ ಕೆಟ್ಟರೆ ಕರಗಿಸಿ ಮತ್ತೆ ಎರೆಯಬಹುದು. ಕೆಟ್ಟು ಕ್ಯೂರ್ ಆದ ರೆಸಿನ್ನಿಗೆ ಬಹುಮಟ್ಟಿಗೆ ಕಸದ ಗುಂಡಿಯೊಂದೇ ಗತಿ. ತಿದ್ದಲಾಗದುದರಲ್ಲಿ ಮುಂಚಿತವಾದ ಅರಿವೇ ಮಿತವ್ಯಯ, ಅದುವೇ ಸುರಕ್ಷತೆ. ನಾವು ಕೈಗೆತ್ತಿಕೊಂಡಿರುವ ಪದಾರ್ಥಗಳ ಸ್ವಭಾವವನ್ನು ನಮ್ಮ ಹವೆಯಲ್ಲಿ, ನಮ್ಮ ಅಚ್ಚುಗಳಲ್ಲಿ, ನಾವೇ ಅಳೆದು ತಿಳಿಯುವ ಪರಿಪಾಠ ಬೆಳೆದ ದಿನ, ಡಬ್ಬಿಯ ಮೇಲಿನ ಬರಹಕ್ಕೆ ಅಧೀನವಾಗಿರುವ ನಮ್ಮ ಸಣ್ಣ ಕೈಗಾರಿಕೆಗಳು ತಮ್ಮ ಕೆಲಸಕ್ಕೆ ತಾವೇ ಹೊಣೆಯಾಗಿ ನಿಲ್ಲುವುವು; ಆ ಜವಾಬ್ದಾರಿಯನ್ನು ಹೊರಲು ಬೇಕಾದ ವಿದ್ಯೆಯನ್ನು ಅವುಗಳ ಬಾಗಿಲಿಗೆ ಮುಟ್ಟಿಸುವುದು ವಿಶ್ವವಿದ್ಯಾಲಯಗಳ ಮತ್ತು ಸರ್ಕಾರದ ಕರ್ತವ್ಯ.